ಎಡಗೈ ಬಿಡಿಸುವುದು ಹೇಗೆ

ಮನೆಯಲ್ಲಿ ಎಲ್ಲರೂ ಅವಳನ್ನು ಎಡಚಿ ಎಂದೇ ಕರೆಯುತ್ತಿದ್ದರು. ಅಕ್ಕ ಕರೆದರೆ ಅದರಲ್ಲಿ ಒಂದಿಷ್ಟು ಮುದ್ದು ಇರುತ್ತಿತ್ತು, ಅಮ್ಮ ಕರೆದರೆ ಒಂದಿಷ್ಟು ಸುಸ್ತು. ಭಾವ ಕರೆದರೆ ಎರಡೂ ಇರುತ್ತಿರಲಿಲ್ಲ; ಕಪಾಟಿನಲ್ಲಿರುವ ಯಾವುದೋ ಸಾಮಾನಿನ ಹೆಸರು ಹೇಳಿದ ಹಾಗಿರುತ್ತಿತ್ತು.

ಭಾಷೆಗೇ ಎಡದ ಮೇಲೆ ಏನೋ ಹಳೇ ಸಿಟ್ಟು ಇರಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು. ಬಲ ಅಂದರೆ ಬಲಗಡೆಯೂ ಹೌದು, ಶಕ್ತಿಯೂ ಹೌದು. ಎಡದ ಪಾಲಿಗೆ ಬಂದದ್ದು ಮಾತ್ರ ಎಡವುವುದು, ಎಡವಟ್ಟು, ಎಡಬಿಡಂಗಿ. ಚಿಕ್ಕಂದಿನಲ್ಲಿ ಅವಳು ಲೋಟ ಬೀಳಿಸಿದರೆ ಅಮ್ಮ "ಎಡವಟ್ಟು" ಅನ್ನುತ್ತಿದ್ದಳು. ಅಕ್ಕ ಬೀಳಿಸಿದರೆ ಲೋಟ ತಾನಾಗಿ ಜಾರಿರುತ್ತಿತ್ತು. ಬರೆಯಲು ಕೂತಾಗ ಅಮ್ಮ ಅವಳ ಎಡಗೈಯನ್ನು ಹಳೇ ಕರವಸ್ತ್ರದಿಂದ ಕುರ್ಚಿಗೆ ಕಟ್ಟುತ್ತಿದ್ದಳು. ಅಮ್ಮ ಕೆಟ್ಟವಳಲ್ಲ. ಗಂಟು ಬಿಗಿಯಾಗದ ಹಾಗೆ ಎರಡು ಬೆರಳು ತೂರಿಸಿ ನೋಡಿಯೇ ಕಟ್ಟುತ್ತಿದ್ದಳು. ಬಲಗೈ ಅಕ್ಷರ ಕಲಿಯಿತು, ಎಡಗೈ ಕಾಯುವುದನ್ನು ಕಲಿಯಿತು. ಈ ನಡುವೆ ಹುಡುಗಿಯ ಮಾತು ಯಾವಾಗ ಕಡಿಮೆಯಾಯಿತೋ ಯಾರೂ ಗಮನಿಸಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅವಳೂ ಅಮ್ಮನೂ ಅಕ್ಕನ ಮನೆಯಲ್ಲೇ ಇದ್ದರು. ಕೆಳಗೆ ಭಾವನ ಅಂಗಡಿ, ಮೇಲೆ ಮನೆ. ಅಂಗಡಿಯಲ್ಲಿ ಕಾಗದ, ಪೆನ್ನು, ಗೋಂದು, ಫೈಲು. ಬಾಗಿಲ ಪಕ್ಕದಲ್ಲಿ ದಿನವಿಡೀ ಬಿಸಿಯುಸಿರು ಬಿಡುವ ಜೆರಾಕ್ಸ್ ಯಂತ್ರ. ಹಿಂದೆ ಒಂದು ಕೋಣೆ. ಅಲ್ಲಿ ರಟ್ಟಿನ ಪೆಟ್ಟಿಗೆಗಳ ಮಧ್ಯೆ ಒಂದು ಕಂಪ್ಯೂಟರ್. ಪದವಿ ಮುಗಿಸಿದ ಮೇಲೆ ಅವಳು ಅದರ ಮುಂದೆ ಕೂತು ಗಿರಾಕಿಗಳ ಅರ್ಜಿ, ಬಾಡಿಗೆ ಕರಾರು, ಕೆಲಸದ ಪತ್ರಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ಬೆಳಿಗ್ಗೆ ಬಂದವಳೇ ಮೌಸನ್ನು ಎಡಗಡೆಗೆ ಎಳೆದುಕೊಳ್ಳುತ್ತಿದ್ದಳು. ಸಂಜೆ ಭಾವ ಬಂದವನೇ ಅದನ್ನು ಬಲಗಡೆಗೆ ತಳ್ಳುತ್ತಿದ್ದ. ಇಬ್ಬರೂ ಈ ಬಗ್ಗೆ ಒಂದು ದಿನವೂ ಮಾತಾಡಿರಲಿಲ್ಲ.

ಬ್ಲಾಗಿನ ವಿಚಾರ ತಲೆಗೆ ಹೊಕ್ಕಿದ್ದು ಆ ಕೋಣೆಯಲ್ಲೇ, ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ. ಯಾರೋ ಮೇಷ್ಟ್ರು ವಿಡಿಯೊದಲ್ಲಿ ಪಾಠ ಹೇಳುತ್ತಿದ್ದರು: ಒಂದು ಸಾಮಾನಿನ ಬಗ್ಗೆ ಬರೆಯಿರಿ, ಕೆಳಗೆ ಮಾರುವವರ ಕೊಂಡಿ ಹಾಕಿ, ಓದಿದವರು ಆ ಕೊಂಡಿ ಒತ್ತಿ ಕೊಂಡರೆ ಮಾರುವವರು ನಿಮಗೊಂದು ಪಾಲು ಕೊಡುತ್ತಾರೆ.

ಭಾವ ಬಾಗಿಲಿಗೆ ಒರಗಿ ಇದನ್ನು ಕೇಳಿಸಿಕೊಂಡ. "ಅಂದ್ರೆ ದಲ್ಲಾಳಿ ಕೆಲಸ."

"ಹೂಂ," ಅಂದಳು.

"ದಲ್ಲಾಳಿಗೆ ಬಾಯಿ ಬೇಕಮ್ಮ. ನಿನ್ನ ಹತ್ರ ಅದೊಂದು ಬಿಟ್ಟು ಎಲ್ಲಾ ಇದೆ."

ಶುರುವಿನಲ್ಲಿ ಅವನ ಮಾತೇ ನಿಜವಾಯಿತು. ಅವಳು ಮೊಬೈಲ್ ಬಗ್ಗೆ ಬರೆದಳು, ತಾನು ಮುಟ್ಟಿಯೂ ನೋಡದ ಫ್ರಿಜ್ ಬಗ್ಗೆ ಬರೆದಳು, ತನಗೆ ಬೇಡವೇ ಬೇಡವಾಗಿದ್ದ ಕೂದಲೆಣ್ಣೆಯ ಬಗ್ಗೆ ಬರೆದಳು. ಒಂದು ನರಪಿಳ್ಳೆಯೂ ಬರಲಿಲ್ಲ. ದೊಡ್ಡ ದೊಡ್ಡವರು ಗಂಟಲು ಹರಿದುಕೊಂಡು ಕೂಗುವ ಸಂತೆಯಲ್ಲಿ ಅವಳೊಬ್ಬಳು ಪಿಸುಗುಟ್ಟುತ್ತಿದ್ದಳು.

ಮುಂದಿನ ಪಾಠದಲ್ಲಿ ಮೇಷ್ಟ್ರು ಅದನ್ನೇ ಹೇಳಿದರು. "ಎಲ್ಲರೂ ಕೂಗೋ ಪದ ಹಿಡೀಬೇಡಿ. ಪೈಪೋಟಿ ಕಡಿಮೆ ಇರೋ ಪದ ಹಿಡೀರಿ. ಕೇಳೋರು ಇರಬೇಕು, ಹೇಳೋರು ಇರಬಾರದು. ಹುಡುಕೋ ಪೆಟ್ಟಿಗೇಲಿ ಅರ್ಧ ಬರೆದು ಸುಮ್ಮನಿರಿ. ಉಳಿದರ್ಧ ಅದೇ ತೋರಿಸುತ್ತೆ. ಅದು ಕಂಪ್ಯೂಟರ್ ಮಾತಲ್ಲ, ಜನರ ಬಾಯಿ."

ಸುಮ್ಮನಿರುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಪೆಟ್ಟಿಗೆಯಲ್ಲಿ 'ಎಡಗೈ' ಎಂದಷ್ಟೇ ಬರೆದು ಕೂತಳು. ಕೆಳಗೆ ಸಾಲುಗಳು ಇಳಿದವು.

ಎಡಗೈ ನೋವು. ಎಡಗೈ ಜೋಮು. ಎಡಗೈ ಬಿಡಿಸುವುದು ಹೇಗೆ. ಮಗುವಿನ ಎಡಗೈ ಬಿಡಿಸುವುದು ಹೇಗೆ. ಎಡಗೈ ಬಿಡಿಸಲು ಏನು ಕಟ್ಟಬೇಕು.

ಕೊನೆಯ ಸಾಲನ್ನು ಓದಿದಾಗ ಅವಳ ಎಡಗೈ ತಾನಾಗಿ ಮೇಜಿನ ಕೆಳಗೆ ಹೋಗಿತ್ತು. ಅದನ್ನು ಅವಳೇ ಮೇಲೆ ತಂದಿಟ್ಟುಕೊಂಡಳು. ಆಮೇಲೆ ಆ ಸಾಲುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಉತ್ತರವೆಂದು ಸಿಕ್ಕಿದ್ದು ಕೈಯ ಚಿತ್ರ ಬರೆಯುವ ಒಂದು ಪಾಠ ಮತ್ತು ಕೀಲುನೋವಿನ ಒಂದು ಎಣ್ಣೆ. ಕೇಳುವವರು ಎಷ್ಟೋ ಮಂದಿ, ಹೇಳುವವರು ಒಬ್ಬರೂ ಇಲ್ಲ.

ಅವಳು ಹಳೆಯ ಫ್ರಿಜ್ಜು ಎಣ್ಣೆಗಳನ್ನೆಲ್ಲ ಅಳಿಸಿಹಾಕಿ ಬ್ಲಾಗಿಗೆ 'ಎಡವಟ್ಟು' ಎಂದು ಹೆಸರಿಟ್ಟಳು. ಜನ ಕೇಳಿದ ಪ್ರಶ್ನೆಯನ್ನೇ, ಒಂದಕ್ಷರ ಬದಲಿಸದೆ, ತಲೆಬರಹ ಮಾಡಿದಳು: ಎಡಗೈ ಬಿಡಿಸುವುದು ಹೇಗೆ. ಬೈಯಬೇಕು ಅನ್ನಿಸಿತ್ತು, ಬೈಯಲಿಲ್ಲ. ಮೊದಲ ಸಾಲು ಹೀಗಿತ್ತು: "ಬಿಡಿಸುವುದು ಅಂದರೆ ಕಟ್ಟಿದ್ದನ್ನು ಬಿಚ್ಚುವುದು. ಮೊದಲು ಆ ಗಂಟು ಬಿಚ್ಚಿ, ಆಮೇಲೆ ಮುಂದಕ್ಕೆ ಓದಿ."

ಮುಂದೆ ಕತ್ತರಿಯ ಸಂಗತಿ ಬರೆದಳು. ಸಾಮಾನ್ಯ ಕತ್ತರಿಯಲ್ಲಿ ಬಲಗಡೆಯ ಅಲಗು ಮೇಲೆ ಬರುತ್ತದೆ. ಬಲಗೈ ಹಿಸುಕಿದಾಗ ಎರಡೂ ಅಲಗು ಒಂದಕ್ಕೊಂದು ಅಂಟಿಕೊಂಡು ಕತ್ತರಿಸುತ್ತವೆ. ಅದನ್ನೇ ಎಡಗೈ ಹಿಸುಕಿದರೆ ಅಲಗುಗಳು ದೂರ ಸರಿಯುತ್ತವೆ, ಕಾಗದ ಮಡಚಿಕೊಂಡು ಮಧ್ಯದಲ್ಲಿ ಕೂರುತ್ತದೆ. ನೋಡಿದವರು ಮಗುವಿಗೆ ಕೈ ಬರುವುದಿಲ್ಲ ಅನ್ನುತ್ತಾರೆ. ಕೈ ಬರುತ್ತದೆ, ಕತ್ತರಿಗೆ ಆ ಕೈ ಬರುವುದಿಲ್ಲ. ಎಡ ಅಲಗು ಮೇಲಿರುವ ಕತ್ತರಿ ಕೊಡಿ. ತಾನು ತರಿಸಿಕೊಂಡು ಬಳಸಿ ನೋಡಿದ ಕತ್ತರಿಯ ಕೊಂಡಿಯನ್ನು ಕೆಳಗೆ ಹಾಕಿ, ಇದರಿಂದ ಕೊಂಡರೆ ನನಗೊಂದು ಪಾಲು ಸಿಗುತ್ತದೆ ಎಂಬುದನ್ನೂ ಬರೆದಳು.

ಮೊದಲ ಪ್ರತಿಕ್ರಿಯೆ ಸಿಡುಕಿನದು. "ಪೂರ್ತಿ ಓದಿದೆ. ಕೈಯ ಚಿತ್ರ ಬಿಡಿಸೋದು ಹೇಗೆ ಅಂತ ಎಲ್ಲೂ ಹೇಳಿಲ್ಲ. ನಾಳೆ ಶಾಲೆಗೆ ಬೇಕು." ಅವಳು ಉತ್ತರ ಬರೆದಳು: "ನಿಮ್ಮ ಎಡಗೈಯನ್ನು ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆಯಿರಿ. ಎಡಗೈ ಬಿಡಿಸುವುದು ಬಲಗೈಯವರಿಗೇ ಸುಲಭ." ಬರೆದಾದ ಮೇಲೆ ಒಬ್ಬಳೇ ನಕ್ಕಳು. ಅಷ್ಟು ಜೋರಾಗಿ ನಕ್ಕು ಅಭ್ಯಾಸವಿಲ್ಲದ ಕಾರಣ ಬಾಗಿಲ ಕಡೆ ತಿರುಗಿ ನೋಡಿಕೊಂಡಳು.

ಎರಡನೆಯದು ಒಬ್ಬ ತಾಯಿಯದು. "ರಿಬ್ಬನ್ ಬಿಚ್ಚಿದೆ" ಎಂದಷ್ಟೇ ಇತ್ತು.

ಆಮೇಲೆ ಬರುವವರ ಸಂಖ್ಯೆ ಏರುತ್ತಲೇ ಹೋಯಿತು. ಎಡಗೈಗೆ ಶಾಯಿ ಮೆತ್ತದ ಪೆನ್ನು, ಬಲದಿಂದ ಎಣಿಸುವ ಅಳತೆಪಟ್ಟಿ, ತರಕಾರಿಯ ಸಿಪ್ಪೆ ತೆಗೆಯುವ ಕತ್ತಿ. ಒಂದೊಂದಕ್ಕೂ ಜನ ಕೇಳುವ ಪದ ಹುಡುಕಿ ಬರೆದಳು. ಯಾವ ದೊಡ್ಡವರೂ ಕಾಲಿಡದ ಸಂದಿಗಳಲ್ಲಿ ಅವಳ ಪುಟ್ಟ ಅಂಗಡಿ ಬಾಗಿಲು ತೆರೆದಿತ್ತು. ಪಾಲು ಬರತೊಡಗಿತು. ಅಮ್ಮನ ಕನ್ನಡಕ ಬದಲಾಯಿತು.

ಕನ್ನಡಕ ಕಂಡ ಮೇಲೆ ಭಾವನ ದನಿಯೂ ಬದಲಾಯಿತು. ಗಿರಾಕಿಗಳ ಮುಂದೆ "ನಮ್ಮ ನಾದಿನಿ ಕಂಪ್ಯೂಟರಿನಲ್ಲೇ ವ್ಯಾಪಾರ ಮಾಡ್ತಾಳೆ" ಎನ್ನತೊಡಗಿದ. ಒಂದು ಮಧ್ಯಾಹ್ನ ಗೂಡ್ಸ್ ಆಟೊ ಅಂಗಡಿಯ ಮುಂದೆ ನಿಂತಿತು. ಭಾವ ಪೆಟ್ಟಿಗೆಗಳನ್ನು ಹಿಂದಿನ ಕೋಣೆಯಲ್ಲಿ ಸೂರಿನವರೆಗೆ ಪೇರಿಸಿ, ಬೆವರೊರೆಸಿಕೊಂಡು, ಒಂದು ಕತ್ತರಿಯನ್ನು ಅವಳ ಮೇಜಿನ ಮೇಲಿಟ್ಟ. ಹಸಿರು ಹಿಡಿಕೆ. ಹೊದಿಕೆಯ ಮೇಲೆ 'ಎಡಗೈಯವರಿಗಾಗಿ' ಎಂದಿತ್ತು.

"ಇನ್ಮೇಲೆ ಯಾವನೋ ಪರದೇಶದವನ ಕೊಂಡಿ ಬೇಡ. ನಮ್ಮ ಅಂಗಡೀದೇ ಹಾಕು. ಪಾಲು ಯಾಕೆ, ಪೂರ್ತಿ ಮನೇಲೇ ಇರಲಿ."

"ಯಾರು ನೋಡಿ ತಂದಿದ್ದು ಭಾವ?"

"ನಾನೇ. ಗೋದಾಮಿನಲ್ಲೇ ನಿಂತು ಪರೀಕ್ಷೆ ಮಾಡಿದೆ. ನನ್ನ ಕೈಯಲ್ಲಿ ಹಿಡಿದ್ರೆ ಹೆಬ್ಬೆರಳು ಕಿತ್ತು ಬರುತ್ತೆ. ನನಗೆ ಹಿಡಿಯಕ್ಕಾಗಲ್ಲ ಅಂದ್ರೆ ನಿನ್ನಂಥೋರಿಗೇ ಮಾಡಿರೋದು, ತಾನೇ?"

ಅವಳು ಕತ್ತರಿಯನ್ನು ಎಡಗೈಗೆ ತೆಗೆದುಕೊಂಡಳು. ಹಿಡಿಕೆ ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಹಾಳೆಯೊಂದಕ್ಕೆ ಬಾಯಿ ಹಾಕಿಸಿದಳು. ಹಾಳೆ ಮಡಚಿಕೊಂಡು ಅಲಗುಗಳ ಮಧ್ಯೆ ಕೂತಿತು.

"ನೀವು ನೋಡಿದಾಗ ಕಾಗದ ಕತ್ತರಿಸ್ತಾ?"

"ಬೆಣ್ಣೆ ಕತ್ತರಿಸಿದ ಹಾಗೆ ಹೋಯ್ತು. ಬೆರಳು ನೋಯ್ತು ಅನ್ನೋದು ಬಿಟ್ರೆ ಅಲಗು ಬಲು ಹರಿತ."

"ಅಲ್ಲೇ ತಪ್ಪಿರೋದು. ನಿಮ್ಮ ಕೈಯಲ್ಲಿ ಅದು ಕತ್ತರಿಸಬಾರದಿತ್ತು." ಅವಳು ಕತ್ತರಿಯನ್ನು ತೆರೆದು ತೋರಿಸಿದಳು. "ಹಿಡಿಕೆ ಎಡ, ಅಲಗು ಬಲ. ಬರೀ ಅಂಗಿ ಬದಲಾಯಿಸಿದಾರೆ."

ಭಾವ ಕತ್ತರಿಯನ್ನು ಎರಡು ಸಲ ತಿರುಗಿಸಿ ನೋಡಿದ. ಅರ್ಥವಾಯಿತು. ಆದರೆ ಅರ್ಥವಾಗುವುದಕ್ಕೂ ಒಪ್ಪುವುದಕ್ಕೂ ಮಧ್ಯೆ ಸೂರು ಮುಟ್ಟುವಷ್ಟು ಪೆಟ್ಟಿಗೆಗಳಿದ್ದವು.

"ಅಲಗು ಯಾರು ನೋಡ್ತಾರೆ? ಜನ ನಿನ್ನ ಮಾತು ನೋಡ್ತಾರೆ. ಚೆನ್ನಾಗಿದೆ ಅಂತ ಒಂದು ಮಾತು ಬರಿ."

"ಬರೆಯಲ್ಲ."

ಅವಳು ಅವನಿಗೆ 'ಇಲ್ಲ' ಎಂದದ್ದು ಇದೇ ಮೊದಲು. ಹೇಳಿದ್ದು ಎಷ್ಟು ಮೆಲ್ಲಗೆಂದರೆ, ಅವನು ಇನ್ನೊಮ್ಮೆ ಹೇಳಿಸಿದ.

"ಬರೆಯಲ್ಲ ಭಾವ."

"ಸರಿ. ಈ ಕಂಪ್ಯೂಟರ್ ಯಾರದು, ಈ ಕೋಣೆ ಯಾರದು ಅಂತ ಒಂದು ವಾರ ಯೋಚನೆ ಮಾಡು. ಬರೆದ್ರೆ ಇಲ್ಲೇ ಕೂತಿರು. ಇಲ್ಲಾಂದ್ರೆ ಬೇರೆ ಕಡೆ ನೋಡ್ಕೋ." ಹೋಗುವಾಗ ಮೌಸನ್ನು ಬಲಗಡೆಗೆ ತಳ್ಳಿಯೇ ಹೋದ.

ಮೇಲೆ ಅಕ್ಕ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವಳೂ ಒಂದು ತುದಿ ಹಿಡಿದುಕೊಂಡಳು.

"ಒಂದು ಮಾತು ಬರೆದ್ರೆ ನಿನ್ನ ಗಂಟೇನು ಹೋಗುತ್ತೆ ಕಣೇ? ಅವರೂ ಪಾಪ, ನಿನ್ನ ಓದುಗರನ್ನ ನಂಬಿಯೇ ತಂದಿದಾರೆ."

"ಗಂಟು ಹೋಗಲ್ಲ ಅಕ್ಕ. ಬರುತ್ತೆ."

"ಏನು ಹಾಗಂದ್ರೆ?"

"ನನ್ನ ಮಾತು ನಂಬಿ ಯಾರೋ ಆ ಕತ್ತರಿ ಕೊಳ್ತಾರೆ. ಮಗು ಕತ್ತರಿಸಕ್ಕೆ ಹೋಗುತ್ತೆ, ಕಾಗದ ಮಡಚಿಕೊಳ್ಳುತ್ತೆ. ಎಡಗೈ ಕತ್ತರಿ ತಂದುಕೊಟ್ರೂ ಆಗಲಿಲ್ಲ, ತಪ್ಪು ಕೈಯದೇ ಅಂತಾರೆ. ಮತ್ತೆ ಕಟ್ಟಿಹಾಕ್ತಾರೆ."

ಅಕ್ಕ ಮಡಚುವುದನ್ನು ನಿಲ್ಲಿಸಿದಳು. ತಂಗಿಯ ಬಾಯಿಂದ ಇಷ್ಟು ಮಾತು ಒಟ್ಟಿಗೆ ಬಂದದ್ದನ್ನು ಅವಳು ನೋಡಿರಲಿಲ್ಲ. ಕಿಟಕಿಯ ಬಳಿ ಕೂತಿದ್ದ ಅಮ್ಮ ಹೊಸ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು.

ಶನಿವಾರ ಅಂಗಡಿಗೆ ಒಬ್ಬ ಬಸ್ ಚಾಲಕ ಬಂದ. ಡ್ಯೂಟಿ ಮುಗಿಸಿ ನೇರ ಬಂದಿದ್ದ, ಖಾಕಿ ಅಂಗಿಯ ಮೇಲೆ ಇನ್ನೂ ಬಿಲ್ಲೆ ಇತ್ತು. ಜೊತೆಯಲ್ಲಿ ಮಗಳು, ಒಂದು ಕೈ ಅಪ್ಪನ ಕೈಯಲ್ಲಿ, ಇನ್ನೊಂದು ಲಂಗದ ಜೇಬಿನಲ್ಲಿ.

"ಎಡಗೈ ಕತ್ತರಿ ಇದೆಯಾ? ಎಡವಟ್ಟು ಅಂತ ಬ್ಲಾಗಿನಲ್ಲಿ ಓದಿದೆ. ಇವಳ ಶಾಲೇಲಿ ದಿನಾ ಒಂದೇ ದೂರು."

"ಅವರೇ ಚೆನ್ನಾಗಿದೆ ಅಂದಿರೋ ಕತ್ತರಿ, ತಗೊಳ್ಳಿ," ಅಂದ ಭಾವ.

ಹಿಂದಿನ ಕೋಣೆಯಲ್ಲಿ ಅವಳ ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು.

ಹುಡುಗಿ ಜೇಬಿನಿಂದ ಎಡಗೈ ತೆಗೆದು ಕತ್ತರಿ ಹಿಡಿದಳು. ಭಾವ ಹಾಳೆ ಕೊಟ್ಟ. ಹಾಳೆ ಮಡಚಿಕೊಂಡಿತು. ಇನ್ನೊಂದು ಸಲ ಪ್ರಯತ್ನಿಸಿದಳು, ಮತ್ತೆ ಮಡಚಿಕೊಂಡಿತು.

"ಸರಿಯಾಗಿ ಹಿಡಿಯಮ್ಮ," ಅಂದ ಅಪ್ಪ. ಮತ್ತೆ ಭಾವನ ಕಡೆ ತಿರುಗಿ, "ಇವಳ ಕೈಯೇ ಹೀಗೆ. ಇವಳ ಅಮ್ಮ ಹೇಳಿದ್ಲು, ಬ್ಲಾಗು ಗೀಗು ಎಲ್ಲಾ ಸುಮ್ನೆ ಅಂತ."

ಹುಡುಗಿ ಕತ್ತರಿಯನ್ನು ಕೆಳಗಿಟ್ಟಳು. ಕೈ ಮೆಲ್ಲಗೆ ಜೇಬಿಗೆ ಹೊರಟಿತ್ತು.

ಒಳಗಿದ್ದವಳು ತನ್ನ ಡ್ರಾಯರಿನ ಕತ್ತರಿ ಹಿಡಿದು ಹೊರಗೆ ಬಂದಳು. ಗಿರಾಕಿಗಳಿರುವಾಗ ಅವಳು ಆ ಬಾಗಿಲು ದಾಟಿ ಬಂದದ್ದೇ ಇರಲಿಲ್ಲ. ಜೆರಾಕ್ಸಿಗೆ ಕಾಯುತ್ತಿದ್ದ ಇಬ್ಬರು ತಿರುಗಿ ನೋಡಿದರು. ಕಿವಿ ಬಿಸಿಯಾಯಿತು. ಕಾಲು ಮಾತ್ರ ನಿಲ್ಲಲಿಲ್ಲ.

"ಅದು ಎಡಗೈ ಕತ್ತರಿ ಅಲ್ಲ," ಅಂದಳು.

ಭಾವ ನಕ್ಕ. "ನಮ್ಮ ನಾದಿನಿ. ತಮಾಷೆ ಮಾಡ್ತಾಳೆ. ಎಡವಟ್ಟಿನವರೇ ಬರೆದಿದಾರೆ ಅಂತ ಹೇಳ್ತಿದೀನಲ್ಲ."

"ಬರೆದಿಲ್ಲ. ಎಡವಟ್ಟು ನಾನೇ."

ಜೆರಾಕ್ಸ್ ಯಂತ್ರ ಒಂದು ಹಾಳೆ ಹೊರಗೆ ಹಾಕಿತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ.

ಅವಳು ಹುಡುಗಿಯ ಮುಂದೆ ಕೂತು ತನ್ನ ಕತ್ತರಿ ಕೊಟ್ಟಳು. ಹುಡುಗಿ ಅಪ್ಪನ ಮುಖ ನೋಡಿದಳು, ಆಮೇಲೆ ಕತ್ತರಿ ನೋಡಿದಳು. ಹಾಳೆಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಹಾಕಿದಳು. ಹಾಳೆ ಬಾಯಿ ಬಿಟ್ಟಿತು. ಇನ್ನೊಂದು ಕಚ್ಚು. ಆಮೇಲೆ ನಿಲ್ಲಿಸಲೇ ಇಲ್ಲ. ಹಾಳೆಯನ್ನು ತಿರುಗಿಸುತ್ತ ತಿರುಗಿಸುತ್ತ ಸುರುಳಿ ಬಿಚ್ಚಿದ ಹಾಗೆ ಕತ್ತರಿಸಿ, ನೆಲ ಮುಟ್ಟುವ ಒಂದು ಉದ್ದ ಬಾಲವನ್ನು ಎಡಗೈಯಲ್ಲೇ ಎತ್ತಿ ಅಪ್ಪನಿಗೆ ತೋರಿಸಿದಳು.

"ಕೈ ಸರಿಯಾಗೇ ಇದೆ," ಅಂದಳು ಎಡಚಿ. "ಇದು ನಿಂಗೇ ಇರಲಿ. ನಾನು ಬೇರೆ ತರಿಸ್ಕೋತೀನಿ."

ಚಾಲಕ ಮಗಳ ಕಾಗದದ ಬಾಲದ ತುದಿ ಹಿಡಿದುಕೊಂಡು ಹೊರಟ.

ಗಿರಾಕಿಗಳೆಲ್ಲ ಹೋದ ಮೇಲೆ ಭಾವ ಷಟರ್ ಅರ್ಧಕ್ಕೆ ಎಳೆದ. "ನನ್ನ ಅಂಗಡೀಲಿ ನಿಂತು ನನ್ನ ಸಾಮಾನಿಗೇ ಕಲ್ಲು ಹಾಕಿದೆ."

"ಸಾಮಾನು ಕೆಟ್ಟದ್ದು ಅಂತ ಹೇಳಲಿಲ್ಲ. ಎಡಗೈದಲ್ಲ ಅಂದೆ."

"ನಾಳೆಯಿಂದ ಆ ಕೋಣೆಗೆ ಬರಬೇಡ."

"ಆಯ್ತು ಭಾವ."

ಬೇಡಿಕೊಳ್ಳುತ್ತಾಳೆ ಎಂದುಕೊಂಡಿದ್ದನೋ ಏನೋ, ಅವನು ಅಲ್ಲೇ ನಿಂತಿದ್ದ. ಅವಳು ಒಳಗೆ ಹೋಗಿ ತನ್ನ ನೀರಿನ ಬಾಟಲಿ, ಪೆನ್ನು, ಕನ್ನಡಿಯ ಚೂರು ತೆಗೆದುಕೊಂಡಳು. ಭಾವ ಆಗಲೇ ಮೌಸನ್ನು ಬಲಗಡೆಗೆ ತಳ್ಳಿದ್ದ. ಅದನ್ನು ಎಡಗಡೆಗೆ ಎಳೆದಿಟ್ಟು ಹೊರಗೆ ಬಂದಳು.

ಮಾರನೆಯ ದಿನದಿಂದ ಬ್ಲಾಗು ನಡೆದದ್ದು ಮೆಟ್ಟಿಲ ಮೇಲೆ. ಮನೆಗೂ ಅಂಗಡಿಗೂ ನಡುವಿನ ಆ ಮೆಟ್ಟಿಲುಗಳಲ್ಲಿ ಬೆಳಕು ಚೆನ್ನಾಗಿತ್ತು, ಬಾಡಿಗೆ ಕೇಳುವವರಿರಲಿಲ್ಲ. ಮೊಬೈಲಿನಲ್ಲಿ ಎಡ ಹೆಬ್ಬೆರಳೊಂದರಿಂದಲೇ ಬರೆಯುತ್ತಿದ್ದಳು. ಮೊದಲು ಬರೆದದ್ದು ಅಸಲಿ ಕತ್ತರಿಯನ್ನು ಗುರುತಿಸುವ ಬಗೆ: "ಮನೆಯ ಬಲಗೈಯವರೊಬ್ಬರಿಗೆ ಕೊಟ್ಟು ನೋಡಿ. ಅವರ ಬೆರಳು ನೋಯುತ್ತಿದ್ದರೂ ಕಾಗದ ಮಾತ್ರ ನುಣ್ಣಗೆ ಕತ್ತರಿಸಿ ಬಂದರೆ, ಅದು ನಕಲಿ. ಬಲಗೈಯಲ್ಲಿ ಕಾಗದ ಮಡಚಿಕೊಂಡರೆ ಅಸಲಿ." ಅಂಗಡಿಯ ಹೆಸರಾಗಲೀ ಊರಿನ ಹೆಸರಾಗಲೀ ಅದರಲ್ಲಿ ಇರಲಿಲ್ಲ.

ಭಾವ ಅದನ್ನು ಓದಿ ಮೆಟ್ಟಿಲ ಬುಡಕ್ಕೆ ಬಂದ. "ನನ್ನ ಬಗ್ಗೆ ಬರೆದಿದೀಯ."

"ಹೆಬ್ಬೆರಳಿನ ಬಗ್ಗೆ ಬರೆದಿದೀನಿ."

"ಯಾರ ಹೆಬ್ಬೆರಳು?"

"ನೋವಾದೋರದು."

ಅವನು ದಡದಡ ಒಳಗೆ ಹೋದ. ಅರ್ಜಿ ಟೈಪ್ ಮಾಡಿಸಲು ಬಂದವರು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುವ ಅವನನ್ನು ನೋಡಿ ಆಕಳಿಸುತ್ತಿದ್ದರು. ಆದರೂ ಅವಳನ್ನು ಕರೆಯಲಿಲ್ಲ. ಅವಳೂ ಇಳಿದು ಹೋಗಲಿಲ್ಲ.

ಹಟ ಅವನಿಗೂ ಇತ್ತು. ಅವಳ ಮಾತು ಸುಳ್ಳು ಮಾಡಿಯೇ ತೀರುತ್ತೇನೆಂದು ಒಂದು ಸಂಜೆ ಹಸಿರು ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ಪೊಟ್ಟಣ ಕಟ್ಟುವ ಕಾಗದ ಕತ್ತರಿಸಲು ನಿಂತ. ಕಾಗದ ಮಡಚಿಕೊಂಡಿತು. ಎಳೆದ, ಹರಿಯಿತು. ನಾಲಿಗೆ ಕಚ್ಚಿಕೊಂಡು, ಮೊಣಕೈ ಎತ್ತಿ, ಪಕ್ಕಕ್ಕೆ ಬಾಗಿ ಮತ್ತೆ ಹಿಡಿದ. ಮೊಣಕೈ ಗೋಂದಿನ ಡಬ್ಬಿಗೆ ತಾಗಿತು. ಡಬ್ಬಿ ಉರುಳಿ ಗೋಂದು ಮೇಜಿನಿಂದ ಅವನ ಚಪ್ಪಲಿಯ ಮೇಲೆ ಇಳಿಯಿತು.

ಮೆಟ್ಟಿಲ ಮೇಲೆ ಅವಳ ಹಿಂದೆ ಅಮ್ಮ ಬಂದು ನಿಂತಿದ್ದಳು. ಕನ್ನಡಕ ಸರಿಮಾಡಿಕೊಂಡು ಕೆಳಗೆ ಚೆನ್ನಾಗಿ ನೋಡಿ, ಬಹಳ ಮರ್ಯಾದೆಯಿಂದ ಹೇಳಿದಳು:

"ಅಳಿಯಂದ್ರು ಎಡವಟ್ಟು ಮಾಡ್ಕೊಂಡ್ರಲ್ಲ."

ಭಾವ ತಲೆಯೆತ್ತಲಿಲ್ಲ. ಕತ್ತರಿಯನ್ನೂ ಬಲಗೈಗೆ ಬದಲಾಯಿಸಲಿಲ್ಲ. ಇನ್ನೊಂದು ಹಾಳೆ ಎಳೆದುಕೊಂಡ.

ಅವಳು ಅವನನ್ನೇ ನೋಡುತ್ತ ಕೂತಿದ್ದಳು. ಆ ನಾಲಿಗೆ ಕಚ್ಚುವುದು, ಆ ಮೊಣಕೈ ಎತ್ತುವುದು, ಕಿವಿ ಕೆಂಪಾಗುವುದು, ಎಲ್ಲವೂ ಅವಳಿಗೆ ಗೊತ್ತಿದ್ದವೇ. ಮೊಬೈಲ್ ತೆಗೆದು ಹುಡುಕುವ ಪೆಟ್ಟಿಗೆಯಲ್ಲಿ 'ಬಲಗೈ ಬಿಡಿಸುವುದು ಹೇಗೆ' ಎಂದು ಬರೆದು ಸುಮ್ಮನಾದಳು. ಕೆಳಗೆ ಒಂದು ಸಾಲೂ ಇಳಿಯಲಿಲ್ಲ. ಅದನ್ನು ಯಾರೂ ಯಾವತ್ತೂ ಕೇಳಿರಲಿಲ್ಲ. ಹೇಳುವವರಿಲ್ಲ, ಕೇಳುವವರೂ ಇಲ್ಲ. ಇಂಥ ಪದಕ್ಕೆ ಕೈ ಹಾಕಬೇಡಿ ಎಂದೇ ಮೇಷ್ಟ್ರು ಪಾಠ ಹೇಳಿದ್ದರು.

ಅವಳು ಕೈ ಹಾಕಿದಳು, ಎಡಗೈಯನ್ನೇ. ಅದೇ ತಲೆಬರಹದ ಕೆಳಗೆ ಮೊದಲ ಸಾಲು ಬರೆದಳು:

"ಒಂದು ದಿನದ ಮಟ್ಟಿಗೆ ನಿಮ್ಮ ಬಲಗೈಯನ್ನು ಕುರ್ಚಿಗೆ ಕಟ್ಟಿಸಿಕೊಳ್ಳಿ. ಗಂಟು ಬಿಗಿಯಾಗದ ಹಾಗೆ ಎರಡು ಬೆರಳು ತೂರಿಸಿ ನೋಡಿ. ಆಮೇಲೆ ಮಾತಾಡೋಣ."